ಅಮೆರಿಕವನ್ನು ಮಣಿಸಿದ ಗ್ರೀಕ್ ಕೋಚ್ ಯಾರು?

ಪ್ರಶ್ನೆ: 2006ರ ವಿಶ್ವ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕವನ್ನು ಸೋಲಿಸಿದ ಗ್ರೀಸ್ ತಂಡದಲ್ಲಿ ಎನ್‌ಬಿಎ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ಆಟಗಾರರು ಒಬ್ಬರೂ ಇರಲಿಲ್ಲವಂತೆ. ಹಾಗಿದ್ದರೆ ಆ ಗೆಲುವು ಕೋಚ್‌ನದೇ ಅಲ್ಲವೇ? ಅವರು ಯಾರು, ಆಮೇಲೆ ಅವರ ಹೆಸರು ಅಷ್ಟಾಗಿ ಏಕೆ ಕೇಳಿಬರಲಿಲ್ಲ?

ಉತ್ತರ: ಆ ಕೋಚ್ ಪನಾಯೋಟಿಸ್ ಯಾನಾಕಿಸ್. ಎನ್‌ಬಿಎ ಕುರಿತ ಮಾತು ಬಹುಮಟ್ಟಿಗೆ ನಿಜ. ವಸಿಲಿಸ್ ಸ್ಪನೂಲಿಸ್ ಆ ಬೇಸಿಗೆಯಲ್ಲಿ ಹ್ಯೂಸ್ಟನ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿದ್ದರಾದರೂ ಅಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಎದುರಿಗೆ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೋ ಆಂಥನಿಯಂಥ ಎನ್‌ಬಿಎ ತಾರೆಗಳಿದ್ದ ತಂಡವಿತ್ತು. ಜಪಾನಿನ ಸೈತಾಮಾದಲ್ಲಿ ಸೆಪ್ಟೆಂಬರ್ 1ರಂದು ನಡೆದ ಆ ಸೆಮಿಫೈನಲ್‌ನಲ್ಲಿ ಮೊದಮೊದಲು ಹಿಂದೆ ಬಿದ್ದಿದ್ದ ಗ್ರೀಸ್, ಕೊನೆಗೆ 101–95ರಿಂದ ಗೆದ್ದಿತು.

ಗೆದ್ದ ಬಗೆಯಲ್ಲಿ ಗುಟ್ಟೇನೂ ಇರಲಿಲ್ಲ ಎಂಬುದೇ ಆ ಪಂದ್ಯದ ಸ್ವಾರಸ್ಯ. ಚೆಂಡು ಹಿಡಿದವನ ಕಾವಲುಗಾರನಿಗೆ ಸಹ ಆಟಗಾರನೊಬ್ಬ ಮೈಯಡ್ಡ ನಿಂತು ದಾರಿ ತಡೆದು, ಮರುಕ್ಷಣವೇ ತಿರುಗಿ ಬುಟ್ಟಿಯತ್ತ ನುಗ್ಗುವುದನ್ನು ಪಿಕ್ ಅಂಡ್ ರೋಲ್ ಎನ್ನುತ್ತಾರೆ. ಶಾಲಾ ತಂಡಗಳೂ ಆಡುವ ಪಟ್ಟು ಅದು. ಥಿಯೊಡೊರೊಸ್ ಪಾಪಲೂಕಾಸ್ ಚೆಂಡು ಹಿಡಿದು ಬರುವುದು, ದೈತ್ಯದೇಹಿ ಸೊಫೊಕ್ಲಿಸ್ ಸ್ಕೋರ್ಟ್ಸಾನಿಟಿಸ್ ಅಡ್ಡ ನಿಲ್ಲುವುದು, ಅಮೆರಿಕದ ಇಬ್ಬರು ಪಾಪಲೂಕಾಸ್‌ನತ್ತ ಧಾವಿಸಿದರೆ ಚೆಂಡು ಸ್ಕೋರ್ಟ್ಸಾನಿಟಿಸ್ ಕೈಸೇರುವುದು, ಅವನನ್ನು ತಡೆಯಲು ಮೂರನೆಯವನು ಒಳಬಂದರೆ ಹೊರಗೆ ಬಿಡುವಾಗಿ ನಿಂತವನಿಗೆ ಹೋಗುವುದು, ಹೀಗೆ ಒಂದೇ ಪಟ್ಟು ಮತ್ತೆ ಮತ್ತೆ ಫಲ ಕೊಟ್ಟಿತು. ಸ್ಪನೂಲಿಸ್ 22 ಅಂಕ ಗಳಿಸಿದರು. ಆದ್ದರಿಂದ ಗೆಲುವು ಕೋಚ್ ಒಬ್ಬರದೇ ಎನ್ನುವುದು ಪಾಪಲೂಕಾಸ್‌ಗೆ ಮಾಡುವ ಅನ್ಯಾಯ. ಫಲ ಕೊಡುತ್ತಿರುವುದನ್ನು ಬದಲಿಸಲು ಹೋಗದ ವಿವೇಕ ಮಾತ್ರ ಕೋಚ್‌ನದು, ಮತ್ತು ಅದು ಸಣ್ಣದಲ್ಲ. ಎರಡು ದಿನಗಳ ಬಳಿಕ ಫೈನಲ್‌ನಲ್ಲಿ ಇದೇ ತಂಡ ಸ್ಪೇನ್ ಎದುರು 47–70ರಿಂದ ನೆಲಕಚ್ಚಿತೆಂಬುದನ್ನೂ ಹೇಳಬೇಕು.

ತಾರೆಯೊಬ್ಬನನ್ನು ನೆಚ್ಚಿಕೊಳ್ಳದ ಈ ಆಟದ ಬೇರು ಯಾನಾಕಿಸ್ ಆಟಗಾರರಾಗಿದ್ದ ದಿನಗಳಲ್ಲಿದೆ ಎಂದು ನನಗನ್ನಿಸುತ್ತದೆ. 1959ರ ಜನವರಿ 1ರಂದು ಪಿರೇಯಸ್ ಬಳಿಯ ನಿಕೇಯಾದಲ್ಲಿ ಹುಟ್ಟಿದ ಅವರು ಅಲ್ಲಿನ ಇಯೋನಿಕೊಸ್ ಕ್ಲಬ್ಬಿನಲ್ಲಿ ಬೆಳೆದರು. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1982ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಅವರನ್ನು ಆರಿಸಿತ್ತು, ಆದರೆ ಎನ್‌ಬಿಎಯಲ್ಲಿ ಅವರು ಆಡಲೇ ಇಲ್ಲ. 1984ರಲ್ಲಿ ಥೆಸಲೊನೀಕಿಯ ಆರಿಸ್ ಕ್ಲಬ್ ಸೇರಿದಾಗ ಅಲ್ಲಿ ಅಂಕಗಳ ಸುರಿಮಳೆ ಸುರಿಸುವ ನಿಕೊಸ್ ಗಾಲಿಸ್ ಆಗಲೇ ಇದ್ದರು. ತಾನೂ ದೊಡ್ಡ ಸ್ಕೋರರ್ ಆಗಿದ್ದವನು ಗಾಲಿಸ್ ಪಕ್ಕದಲ್ಲಿ ಕಾವಲು ಕಾಯುವ, ಚೆಂಡು ಹಂಚುವ ಪಾತ್ರವನ್ನು ಒಪ್ಪಿಕೊಂಡದ್ದರಿಂದಲೇ ಆ ಜೋಡಿ ಸತತ ಏಳು ಬಾರಿ ಗ್ರೀಕ್ ಲೀಗ್ ಗೆದ್ದಿತು. 1987ರ ಯೂರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಗ್ರೀಸ್ ಸೋವಿಯತ್ ಒಕ್ಕೂಟವನ್ನು ಹೆಚ್ಚುವರಿ ಅವಧಿಯಲ್ಲಿ 103–101ರಿಂದ ಸೋಲಿಸಿದಾಗ ಗಾಲಿಸ್ 40 ಅಂಕ ಗಳಿಸಿದ್ದರು; ನಾಯಕ ಯಾನಾಕಿಸ್. 1996ರಲ್ಲಿ ಪನಾಥಿನೈಕೊಸ್ ಪರ ಯೂರೋಪಿಯನ್ ಕ್ಲಬ್ ಕಿರೀಟ ಗೆದ್ದು ಅವರು ನಿವೃತ್ತರಾದರು.

2004ರಲ್ಲಿ ಅವರು ಎರಡನೆಯ ಬಾರಿ ರಾಷ್ಟ್ರೀಯ ತಂಡದ ಹೊಣೆ ಹೊತ್ತಾಗ ಗಾಲಿಸ್‌ನಂಥವರು ಯಾರೂ ಇರಲಿಲ್ಲ. 2005ರ ಯೂರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ, ಬೆಲ್‌ಗ್ರೇಡಿನ ಸೆಮಿಫೈನಲ್‌ನಲ್ಲಿ ದಿಮಿತ್ರಿಸ್ ದಿಯಮಾಂಟಿಡಿಸ್ ಕೊನೆಯ ಕ್ಷಣಗಳಲ್ಲಿ ಹಾಕಿದ ಮೂರಂಕದ ಹೊಡೆತದಿಂದ ಫ್ರಾನ್ಸ್ ವಿರುದ್ಧ 67–66ರ ಗೆಲುವು, ಫೈನಲ್‌ನಲ್ಲಿ ಜರ್ಮನಿ ವಿರುದ್ಧ 78–62ರ ಗೆಲುವು ದಕ್ಕಿತು. ಆಟಗಾರನಾಗಿ ಗೆದ್ದ ಯೂರೋಪಿಯನ್ ಪದವಿಯನ್ನು ಹದಿನೆಂಟು ವರ್ಷಗಳ ಬಳಿಕ ಅವರು ಕೋಚ್ ಆಗಿಯೂ ಗೆದ್ದರು.

ಇನ್ನು ಹೆಸರು ಕೇಳಿಬರದ ಮಾತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೋಚ್‌ನ ಹೆಸರು ವರ್ಷವಿಡೀ ಚಾಲ್ತಿಯಲ್ಲಿರುವುದು ಕ್ಲಬ್ಬುಗಳಿಂದ, ಮತ್ತು ಅಲ್ಲಿ ಯೂರೋಪಿನ ಅತಿ ದೊಡ್ಡ ಪದವಿಗೆ ಅವರಿಗೆ ಒಂದೆರಡು ಮೆಟ್ಟಿಲು ಬಾಕಿ ಉಳಿಯಿತು. ಒಲಿಂಪಿಯಾಕೊಸ್ ತಂಡವನ್ನು 2009ರಲ್ಲಿ ಯೂರೋಲೀಗ್ (ಯೂರೋಪಿನ ಕ್ಲಬ್ಬುಗಳ ಅಗ್ರ ಟೂರ್ನಿ) ಸೆಮಿಫೈನಲ್‌ಗೆ ಒಯ್ದಾಗ ಬದ್ಧವೈರಿ ಪನಾಥಿನೈಕೊಸ್ ಕೇವಲ ಎರಡು ಅಂಕಗಳಿಂದ, 84–82ರಿಂದ ಗೆದ್ದಿತು. ಮರುವರ್ಷದ ಫೈನಲ್‌ನಲ್ಲಿ ಬಾರ್ಸಿಲೋನಾ 86–68ರಿಂದ ಗೆದ್ದಿತು. ಪಾಪಲೂಕಾಸ್, ಸ್ಕೋರ್ಟ್ಸಾನಿಟಿಸ್ ಇಬ್ಬರೂ ಆ ತಂಡದಲ್ಲಿದ್ದರು. ಯೂರೋಲೀಗ್ ಗೆದ್ದ ಮೊದಲ ಗ್ರೀಕ್ ಕೋಚ್ ಎಂಬ ಗೌರವ 2013ರಲ್ಲಿ, ಅದೇ ಒಲಿಂಪಿಯಾಕೊಸ್‌ನ ಕೋಚ್ ಆಗಿದ್ದ ಯೊರ್ಗೊಸ್ ಬಾರ್ಟ್ಜೋಕಾಸ್ ಪಾಲಾಯಿತು. ಆ ತಂಡದ ನಾಯಕ ಸ್ಪನೂಲಿಸ್. ಅದೇ ವರ್ಷ ಯಾನಾಕಿಸ್ ಚೀನಾದ ರಾಷ್ಟ್ರೀಯ ತಂಡವನ್ನು ಮನಿಲಾದ ಏಷ್ಯನ್ ಚಾಂಪಿಯನ್‌ಶಿಪ್‌ಗೆ ಕರೆದೊಯ್ದು, ಕ್ವಾರ್ಟರ್‌ಫೈನಲ್‌ನಲ್ಲಿ ಚೈನೀಸ್ ತೈಪೆಗೆ ಸೋತು, ಐದನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಳ್ಳಬೇಕಾಯಿತು.