‘ಅದೇ ಅಂಗಿ ಬೇಕು’ ಅನ್ನುವ ಮಗುವಿಗೆ ಹೊಲಿಯುವುದು

ಮಕ್ಕಳಿಗೆ ಹೊಲಿಸಬೇಕೆಂದು ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು: ಹೊಸ ಬಟ್ಟೆ ಆಮೇಲೆ ತರ್ರಿ, ಮೊದಲು ಮಗು ದಿನಾ ಹಟ ಹಿಡಿದು ಹಾಕಿಕೊಳ್ಳುವ ಹಳೇ ಅಂಗಿ ತರ್ರಿ. ‘ಅಯ್ಯ, ಅದನ್ನ ಹ್ಯಾಂಗ ತರಬೇಕ್ರಿ ಅಕ್ಕಾ, ಒರಸೋ ಅರಿವಿ ಆಗ್ಯದ’ ಎಂದು ನಗುತ್ತಾರೆ. ಬಣ್ಣ ಹೋಗಿರಲಿ, ಬಗಲು ಬಿಚ್ಚಿರಲಿ, ನನಗೆ ಅದೇ ಬೇಕು. ಆರು ವರ್ಷದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ‘ನಿಂಗ ಎಂಥಾದ್ದು ಇಷ್ಟ ಹೇಳವ್ವ’ ಎಂದರೆ ತಾಯಿಯ ಮುಖ ನೋಡುತ್ತಾಳೆ, ಇಲ್ಲವೇ ನಿನ್ನೆ ಮೊಬೈಲ್‌ನಲ್ಲಿ ನೋಡಿದ ಕಾರ್ಟೂನಿನ ಹೆಸರು ಹೇಳುತ್ತಾಳೆ. ಹಳೇ ಅಂಗಿ ಹಾಗೆ ಮಾತು ಮರೆಸುವುದಿಲ್ಲ.

ಅದನ್ನು ಒಳಮಗ್ಗಲು ತಿರುವಿ ನೋಡುತ್ತೇನೆ. ಕುತ್ತಿಗೆಯ ಲೇಬಲ್ ಕತ್ತರಿಸಿದ್ದರೆ ಮಗುವಿಗೆ ಚುಚ್ಚುವುದು ಆಗುವುದಿಲ್ಲ ಎಂದರ್ಥ. ಜೇಬಿನ ಬಾಯಿ ಸಡಿಲವಾಗಿದ್ದರೆ ಕೈ ಯಾವಾಗಲೂ ಅಲ್ಲೇ ಇರುತ್ತದೆ. ತೋಳಿನ ತುದಿ ಒದ್ದೆಯಾಗಿ ಒಣಗಿ ಬಿರುಸಾಗಿದ್ದರೆ ತೋಳನ್ನು ಬಾಯಲ್ಲಿಟ್ಟು ಚೀಪುವ ಮಗು, ಅಲ್ಲಿ ಲೇಸು, ಮಣಿ ಯಾವುದೂ ಬೇಡ. ಬಟ್ಟೆ ಒಗೆದೊಗೆದು ಮಲಮಲ್ ಹಾಗೆ ಮೆತ್ತಗಾಗಿದ್ದರೆ ಆ ಮೆತ್ತಗಿನ ಗುಣಕ್ಕೇ ಮಗು ಅಂಟಿಕೊಂಡಿದೆ, ಅದರ ಮೇಲಿನ ಚಿಟ್ಟೆ ಚಿತ್ರಕ್ಕಲ್ಲ. ದೊಡ್ಡವರು ಮಕ್ಕಳ ಇಷ್ಟವನ್ನು ಬಣ್ಣದಲ್ಲಿ, ಚಿತ್ರದಲ್ಲಿ ಹುಡುಕುತ್ತಾರೆ. ನಾನು ಕಂಡಂತೆ ಮಕ್ಕಳು ಮೊದಲು ಮೈಯಿಂದ ಆರಿಸುತ್ತಾರೆ, ಆಮೇಲೆ ಕೈಯಿಂದ, ಕೊನೆಗೆ ಕಣ್ಣಿಂದ.

ಆದ್ದರಿಂದ ಬಟ್ಟೆ ಆರಿಸುವಾಗ ಮಗುವನ್ನು ಅಂಗಡಿಯ ಇಡೀ ಕಪಾಟಿನ ಮುಂದೆ ನಿಲ್ಲಿಸಬೇಡಿ, ತಲೆ ಕೆಡುತ್ತದೆ. ತಾಯಿ ಒಪ್ಪಿದ, ನಾನೂ ಒಪ್ಪಿದ ಮೂರು ತುಂಡು ಮೇಜಿನ ಮೇಲಿಟ್ಟು ಮುಟ್ಟಿ ನೋಡು ಎನ್ನುತ್ತೇನೆ. ಎಷ್ಟೋ ಮಕ್ಕಳು ಗಲ್ಲಕ್ಕೆ ಒತ್ತಿ ನೋಡುತ್ತವೆ. ಆಮೇಲೆ ಅವು ತೋರಿಸಿದ್ದನ್ನು ಬದಲಿಸಲು ಹೋಗಬಾರದು. ‘ಆ ಹಳದಿ ನಿಂಗ ಒಪ್ಪಲ್ಲ’ ಎನ್ನುವ ಮಾತು ಇದ್ದರೆ ಹಳದಿಯನ್ನು ಮೊದಲೇ ಮೇಜಿನಿಂದ ತೆಗೆದಿಡಬೇಕಿತ್ತು.

ಆ ಮೂರೂ ಹತ್ತಿಯವೇ ಆಗಿರಬೇಕು ಎನ್ನುವುದು ನನ್ನ ಹಟ. ಏಪ್ರಿಲ್, ಮೇನಲ್ಲಿ ಕಲಬುರಗಿ 40 ಡಿಗ್ರಿ ದಾಟುವ ಊರು. ಇಲ್ಲಿ ಮಗುವಿಗೆ ಪಾಲಿಯೆಸ್ಟರ್ ಹಾಕಿ ‘ಯಾಕ ಇಷ್ಟು ಕಿರಿಕಿರಿ ಮಾಡತದ’ ಎಂದು ಕೇಳಿದರೆ ಉತ್ತರ ಮೈಮೇಲೇ ಇದೆ. ಬೇಸಿಗೆಗೆ ಮಲಮಲ್, ದಿನಬಳಕೆಗೆ ಕೇಂಬ್ರಿಕ್, ಚಡ್ಡಿ ಪೈಜಾಮಕ್ಕೆ ಪಾಪ್ಲಿನ್. ಕಾಟನ್ ಎಂದು ಹೇಳಿ ಕೊಟ್ಟದ್ದರ ಬಗ್ಗೆ ಅನುಮಾನ ಬಂದರೆ ಅಂಚಿನಿಂದ ಒಂದು ನೂಲು ಎಳೆದು ಕಡ್ಡಿ ಗೀರಿ ಹಿಡಿಯಿರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇನ್ನೊಂದು, ಕತ್ತರಿ ಹಾಕುವ ಮುಂಚೆ ರಾತ್ರಿ ನೀರಲ್ಲಿ ನೆನೆಸಿ ಒಣಗಿಸಬೇಕು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 24 ಇಂಚಿನ ಫ್ರಾಕ್ ಒಂದಿಂಚಿಗಿಂತ ಹೆಚ್ಚು ಗಿಡ್ಡವಾದರೆ ಬೈಗುಳ ಬೀಳುವುದು ಟೇಲರ್‌ಗೆ.

ಇನ್ನು ‘ಬೆಳಿಯೋ ಹುಡ್ರು, ಸಡ್ಲ ಹೊಲೀರಿ’ ಎನ್ನುವ ಮಾತು. ದಿನಕ್ಕೆ ಒಬ್ಬರಾದರೂ ಹೇಳುತ್ತಾರೆ. ಖರ್ಚು ಉಳಿಸುವ ಅವರ ಲೆಕ್ಕ ತಪ್ಪಲ್ಲ, ಸಡಿಲ ಬಿಡುವ ಜಾಗ ಮಾತ್ರ ತಪ್ಪು. ಎರಡು ವರ್ಷ ದಾಟಿದ ಮಗು ದೊಡ್ಡವನಾಗುವ ವಯಸ್ಸಿನವರೆಗೆ ವರ್ಷಕ್ಕೆ ಸುಮಾರು ಎರಡು, ಎರಡೂಕಾಲು ಇಂಚು ಎತ್ತರ ಬೆಳೆಯುತ್ತದೆ. ಅದೇ ವರ್ಷದಲ್ಲಿ ಎದೆ ಬೆಳೆಯುವುದು ಒಂದಿಂಚಿನ ಆಸುಪಾಸು, ಭುಜ ಅರ್ಧ ಇಂಚೂ ಇಲ್ಲ. ಅಂದರೆ ಮಕ್ಕಳು ಉದ್ದಕ್ಕೆ ಬೆಳೆಯುತ್ತಾರೆ, ಅಗಲಕ್ಕಲ್ಲ. ಭುಜವನ್ನು ಒಂದಿಂಚು ಸಡಿಲ ಹೊಲಿದರೆ ಕುತ್ತಿಗೆ ಒಂದು ಕಡೆ ಜಾರುತ್ತದೆ, ಮಗು ಆಡುವಾಗೆಲ್ಲ ಮೇಲೆಳೆದುಕೊಳ್ಳುತ್ತದೆ, ನಾಲ್ಕು ದಿನಕ್ಕೆ ‘ಅದು ಬ್ಯಾಡ’ ಎನ್ನುತ್ತದೆ. ಹಾಗೆ ಬೇಡವಾದ ಅಂಗಿ ಎಷ್ಟು ದೊಡ್ಡದಿದ್ದರೇನು! ಆದ್ದರಿಂದ ಭುಜ, ಕುತ್ತಿಗೆ ಇವತ್ತಿನ ಅಳತೆಗೆ. ಎದೆಗೆ ಮೂರರಿಂದ ನಾಲ್ಕು ಇಂಚು ಸಡಿಲು, ಅದರಲ್ಲೇ ಒಂದು ವರ್ಷದ ಬೆಳವಣಿಗೆ ಅಡಗುತ್ತದೆ. ಉಳಿದದ್ದು ಉದ್ದದಲ್ಲಿ, ಕೆಳಗಿನ ಮಡಿಕೆಯಲ್ಲಿ, ತೋಳಿನ ತುದಿಯಲ್ಲಿ.

ಬಗಲಿನ ವಿಚಾರದಲ್ಲಂತೂ ಹೊಸಬರಿಗೆ ನಂಬಿಕೆಯೇ ಬರುವುದಿಲ್ಲ. ಬಗಲನ್ನು ಆಳಕ್ಕೆ ಇಳಿಸಿದಷ್ಟೂ ಕೈ ಎತ್ತಲು ಕಷ್ಟ. ತೋಳಿನ ಬುಡ ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಅಂಗಿಯೇ ಮೇಲೆ ಬರುತ್ತದೆ. ಬಗಲು ಮೈಗೆ ಹತ್ತಿರವಿದ್ದು ತೋಳು ಅಗಲವಿದ್ದರೆ ಮರ ಹತ್ತುವ ಮಗುವಿಗೂ ಆರಾಮ. ಅಜ್ಜಂದಿರ ಕಾಲದ ಅಂಗಿಗಳಲ್ಲಿ ಬಗಲಿಗೆ ಚೌಕ ತುಂಡೊಂದನ್ನು ಮೂಲೆಯಾಗಿ ಕೂರಿಸುತ್ತಿದ್ದರು. ಅದು ಇವತ್ತಿಗೂ ಸರಿಯಾದ ಉಪಾಯ. ಎಂಟು ವರ್ಷದೊಳಗೆ ಹುಡುಗ, ಹುಡುಗಿಯರ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ, ಇಬ್ಬರಿಗೂ ಒಂದೇ ಕಟಿಂಗ್ ನಡೆಯುತ್ತದೆ.

ಅಳತೆ ಒಂದೇ ಎಂದಮೇಲೆ ಜೇಬು ಯಾಕೆ ಹುಡುಗರಿಗೆ ಮಾತ್ರ? ಹುಡುಗಿಯರ ಫ್ರಾಕಿಗೆ ಜೇಬಿಡಿ ಎಂದು ಯಾವ ತಾಯಿಯೂ ಕೇಳುವುದಿಲ್ಲ, ಆದರೆ ಇಟ್ಟು ಕೊಟ್ಟರೆ ಆ ಹುಡುಗಿ ಮೊದಲು ಮಾಡುವ ಕೆಲಸ ಎರಡೂ ಕೈ ಒಳಗೆ ತೂರಿಸಿ ಗಿರಗಿರ ತಿರುಗುವುದು. ಹುಣಸೆ ಬೀಜ, ಬಳೆ ಚೂರು, ಪೆನ್ಸಿಲ್ ತುಂಡು ಇಡಲು ಅವರಿಗೂ ಜಾಗ ಬೇಕಲ್ಲ. ಫ್ರಾಕಿನ ಪಕ್ಕದ ಹೊಲಿಗೆಯಲ್ಲೇ ಜೇಬು ಅಡಗಿಸಬಹುದು. ಆರು ವರ್ಷದ ಹುಡುಗಿಗೆ ಜೇಬಿನ ಬಾಯಿ ನಾಲ್ಕೂವರೆ ಇಂಚು, ಆಳ ಐದು ಇಂಚು ಸಾಕು. ಹೆಚ್ಚು ಆಳವಾದರೆ ತಳದಲ್ಲಿರುವುದು ಕೈಗೆ ಸಿಗುವುದಿಲ್ಲ. ಬಾಯಿ ಸೊಂಟದ ಹೊಲಿಗೆಯಿಂದ ಎರಡು ಇಂಚು ಕೆಳಗೆ ಶುರುವಾಗಲಿ. ಜೇಬಿನ ಚೀಲದ ಮೇಲಂಚನ್ನು ಸೊಂಟದ ಹೊಲಿಗೆಗೆ ಸೇರಿಸಿಬಿಟ್ಟರೆ ಒಳಗೆ ಕಲ್ಲು ತುಂಬಿದರೂ ಫ್ರಾಕ್ ಒಂದು ಕಡೆ ಜೋತುಬೀಳುವುದಿಲ್ಲ, ಭಾರವೆಲ್ಲ ಸೊಂಟ ಹೊರುತ್ತದೆ. ಬಾಯಿಯ ಎರಡೂ ತುದಿಗೆ ಮಷಿನ್ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿ, ಹರಿಯುವುದು ಯಾವಾಗಲೂ ಅಲ್ಲಿಂದಲೇ. ಜೇಬಿನ ಒಳಬಟ್ಟೆಯ ಬಣ್ಣವನ್ನು ಮಾತ್ರ ಮಗುವಿಗೆ ಬಿಡಿ. ಹೊರಗೆ ಯಾರಿಗೂ ಕಾಣದ ಗುಲಾಬಿ ಜೇಬು ತನಗಿದೆ ಎನ್ನುವ ಗುಟ್ಟು ಅವರಿಗೆ ಬಹಳ ದೊಡ್ಡದು.

ಕಾರ್ಟೂನಿನ ಬಟ್ಟೆಯೇ ಬೇಕು ಎನ್ನುವವರಿಗೆ ನಾನು ಇಡೀ ಅಂಗಿ ಹೊಲಿಯುವುದಿಲ್ಲ, ಒಂದು ತುಂಡು ತರಿಸಿ ಎದೆಯ ಮೇಲೋ ಜೇಬಿನ ಮೇಲೋ ಕೈಹೊಲಿಗೆಯಲ್ಲಿ ಹಚ್ಚುತ್ತೇನೆ. ಮಕ್ಕಳ ಹುಚ್ಚು ಆರು ತಿಂಗಳಿಗೆ ಬದಲಾಗುತ್ತದೆ, ಬಿಚ್ಚಿ ಬೇರೆ ಹಚ್ಚಬಹುದು. ಅದಕ್ಕಿಂತ ಚೆಂದದ್ದು ಮಗುವೇ ಬಿಡಿಸಿದ ಚಿತ್ರ. ನಮ್ಮ ಓಣಿಯಲ್ಲಿ ರಸ್ತೆ ಅಗೆಯುತ್ತಿದ್ದಾಗ ಒಬ್ಬ ಹುಡುಗ ಜೆಸಿಬಿ ಬರೆದುಕೊಂಡು ಬಂದ. ಚಕ್ರ ಮೂರು, ಅದರಲ್ಲೊಂದು ಗಾಳಿಯಲ್ಲಿ. ಅವನ ತಾಯಿ ‘ನೀವಾ ಸ್ವಲ್ಪ ಸರಿ ಮಾಡಿ ಹೊಲೀರಿ ಅಕ್ಕಾ’ ಎಂದರು. ಸರಿ ಮಾಡಿದರೆ ಅದು ಅವನದಾಗಿ ಉಳಿಯುವುದಿಲ್ಲ. ಕಾರ್ಬನ್ ಕಾಗದ ಇಟ್ಟು ಗೆರೆ ಹೇಗಿದೆಯೋ ಹಾಗೆ ಇಳಿಸಿ, ಎರಡೆಳೆ ದಾರದಲ್ಲಿ ಸರಪಳಿ ಹೊಲಿಗೆ ಹಾಕಿದೆ. ಚಿತ್ರ ಹೊಲಿಯಲು ಈ ಹೊಲಿಗೆಯೇ ಸುಲಭ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ನೂಲು ಎಣಿಸಿ ಹಾಕುವಂಥವು, ನೇರ ಗೆರೆ, ಮೂಲೆ ಗೆರೆಯಲ್ಲಿ ಸೊಗಸು, ಮಕ್ಕಳ ಸೊಟ್ಟ ಗೆರೆಗೆ ಬಗ್ಗುವುದಿಲ್ಲ.

ಹುಡುಗರು ಅಂಗಿಗೆ ಕನ್ನಡಿ ಕೇಳುವುದೂ ಉಂಟು. ಚಿಂಚೋಳಿ, ಚಿತ್ತಾಪುರ ಕಡೆಯ ತಾಂಡಾಗಳಿಂದ ಲಂಬಾಣಿ ಹೆಂಗಸರು ಪೇಟೆಗೆ ಬಂದಾಗ ಅವರ ಕಾಂಚಳಿಯ, ಅಂದರೆ ಕುಪ್ಪಸದ, ಕನ್ನಡಿಗಳನ್ನು ನೋಡುತ್ತಾ ನಿಂತುಬಿಡುವ ಮಕ್ಕಳಲ್ಲಿ ಗಂಡುಹುಡುಗರೇನು ಕಡಿಮೆಯಿಲ್ಲ. ‘ಹೆಣ್ಣುಹುಡುಗಿ ಹಂಗ ಕಾಣತಾನ’ ಎಂದು ಅಪ್ಪಂದಿರು ಮುಖ ಸಿಂಡರಿಸುತ್ತಾರೆ. ಮದುವೆಗೆ ಅವರೇ ಹಾಕುವ ಶೇರವಾನಿಯ ಮೇಲೆ ಇರುವುದೇನು ಮತ್ತೆ? ಕನ್ನಡಿಯನ್ನು ಎದೆಯ ಮೇಲ್ಭಾಗದಲ್ಲಿ ಹಚ್ಚಿ, ಮೊಣಕೈಗೆ, ಕೂರುವ ಕಡೆಗೆ ಬೇಡ. ಚಿಕ್ಕವರಿಗೆ ಗಾಜಿನ ಬದಲು ಪ್ಲಾಸ್ಟಿಕ್ಕಿನದು.

ಹಬ್ಬದ ಬಟ್ಟೆಯಲ್ಲಿ ಮಗುವಿನ ಇಷ್ಟ, ಮನೆಯವರ ಇಷ್ಟ ಎರಡೂ ಡಿಕ್ಕಿ ಹೊಡೆಯುತ್ತವೆ. ರಂಜಾನ್ ಬಂದರೆ ನೆಟ್ಟಿನ ಘಾಗ್ರಾ, ಪಂಚಮಿ, ದೀಪಾವಳಿಗೆ ಖಣದ ಪರಕಾರ ಪೋಲಕ. ಹುಡುಗಿಗೂ ಹೊಳೆಯುವುದು ಬೇಕು, ಆದರೆ ಹಾಕಿದ ಅರ್ಧ ಗಂಟೆಗೆ ‘ಚುಚ್ಚತದ’ ಎಂದು ಅಳು. ಚುಚ್ಚುವುದು ಬಟ್ಟೆಯಲ್ಲ, ಅದರ ಅಂಚು. ನೆಟ್ಟಿನ ಕೊಯ್ದ ಅಂಚು, ಜರಿಯ ತುದಿ, ಇಂಟರ್‌ಲಾಕಿನ ಗಂಟು. ಒಳಗೆ ಮಲಮಲ್ ಅಸ್ತರ ಕೊಟ್ಟು, ಎಲ್ಲ ಹೊಲಿಗೆಯೂ ಹೊರಬಟ್ಟೆಗೂ ಅಸ್ತರಕ್ಕೂ ನಡುವೆ ಮುಚ್ಚಿಹೋಗುವಂತೆ ತಿರುವಬೇಕು. ಕುತ್ತಿಗೆಗೆ, ಬಗಲಿಗೆ ಮೆತ್ತನೆಯ ಉರೇಬ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ. ಘೇರು ಉಬ್ಬಿ ನಿಲ್ಲಲು ಕ್ಯಾನ್‌ಕ್ಯಾನ್ ಎನ್ನುವ ಬಿರುಸು ನೆಟ್ಟು ಹಾಕುವುದಾದರೆ ಎರಡು ಹತ್ತಿ ಪದರಗಳ ಮಧ್ಯೆ ಇರಲಿ, ಸೊಂಟದ ಪಟ್ಟಿಯವರೆಗೆ ತರದೆ ಮೂರು ಇಂಚು ಕೆಳಗೇ ನಿಲ್ಲಿಸಿ. ಹೊಳಪೂ ಉಳಿಯುತ್ತದೆ, ಮಗುವೂ ರಾತ್ರಿಯವರೆಗೆ ಬಿಚ್ಚುವುದಿಲ್ಲ.

ಆಯಿಯ ಹಳೇ ಇಳಕಲ್ ಸೀರೆ ತಂದು ಮೊಮ್ಮಗಳಿಗೆ ಪರಕಾರ ಹೊಲಿಯಿರಿ ಎನ್ನುವವರು ಈಗ ಹೆಚ್ಚಾಗಿದ್ದಾರೆ, ನನಗೂ ಇಷ್ಟದ ಕೆಲಸ. ಸೀರೆಯನ್ನು ಮೊದಲು ಬಿಸಿಲಿಗೆ ಅಡ್ಡ ಹಿಡಿದು ನೋಡಬೇಕು. ಕೂತು ಸವೆದ ಭಾಗ, ನಿರಿಗೆಯ ಮಡಿಕೆ ಗೆರೆ ಜಾಳಾಗಿ ಕಾಣುತ್ತದೆ, ಅದನ್ನು ಬಿಟ್ಟುಬಿಡಿ. ಇಳಕಲ್ ಸೀರೆಯಲ್ಲಿ ಮೈಯ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸಾಲು ಭುಜಕ್ಕೋ ಬಗಲಿಗೋ ಬರಬಾರದು, ಎಳೆತ ತಾಳುವುದಿಲ್ಲ. ಆರು ವರ್ಷದ ಹುಡುಗಿಗೆ ಸೊಂಟದಿಂದ ಹಿಮ್ಮಡಿಗೆ 25, 26 ಇಂಚು ಉದ್ದ, ಎರಡೂವರೆ ಮೀಟರ್ ಘೇರು ಸಾಕು. ದಡಿ ಕೆಳಗೆ ಬರುವಂತೆ ಇಟ್ಟು, ದಡಿಯ ಮೇಲೆ ಒಳಗಡೆಗೆ ಒಂದೊಂದು ಇಂಚಿನ ಎರಡು ಟಕ್ಸ್, ಅಂದರೆ ಮಡಿಚಿ ಹೊಲಿದ ಪಟ್ಟೆ, ಹಾಕಿ. ಒಂದಿಂಚಿನ ಟಕ್ಸ್ ಎರಡಿಂಚು ಬಟ್ಟೆ ನುಂಗುತ್ತದೆ, ಎರಡನ್ನೂ ಒಂದಾದಮೇಲೊಂದು ಬಿಚ್ಚಿದರೆ ಸುಮಾರು ಮೂರು ವರ್ಷ ಪರಕಾರ ನಡೆಯುತ್ತದೆ. ಬಿಚ್ಚಿದಾಗ ಬಣ್ಣ ಮಾಸದ ಪಟ್ಟೆ ಎದ್ದು ಕಾಣುತ್ತದೆ, ಅದರ ಮೇಲೆ ರಿಬ್ಬನ್ ಹಚ್ಚಿ. ಯಾವ ಬಣ್ಣದ್ದು ಎಂದು ಹುಡುಗಿಯೇ ಹೇಳಲಿ, ಆ ಹೊತ್ತಿಗೆ ಅವಳಿಗೆ ಏಳೂವರೆ, ಎಂಟು ಆಗಿರುತ್ತದೆ, ಅಭಿಪ್ರಾಯಕ್ಕೇನೂ ಬರ ಇರುವುದಿಲ್ಲ.

ಮಗುವಿನ ಇಷ್ಟಕ್ಕೆ ನಾನು ಬಗ್ಗದ ಜಾಗವೂ ಇದೆ. ಕುತ್ತಿಗೆಗೆ, ಟೋಪಿಗೆ ಜೋತುಬಿಡುವ ಲಾಡಿ, ಗೊಂಡೆ ಹಾಕುವುದಿಲ್ಲ. ಜೋಕಾಲಿಗೋ ಬಾಗಿಲ ಚಿಲಕಕ್ಕೋ ಸಿಕ್ಕಿದರೆ ಪ್ರಾಣಕ್ಕೆ ಬರುತ್ತದೆ. ಯುರೋಪಿನ ಸುರಕ್ಷತಾ ಮಾನದಂಡದಲ್ಲಿ 7 ವರ್ಷದೊಳಗಿನ ಮಕ್ಕಳ ಬಟ್ಟೆಯ ಕುತ್ತಿಗೆ, ಟೋಪಿ ಭಾಗಕ್ಕೆ ಇಂಥ ದಾರ ಇರಲೇಬಾರದು ಎಂದಿದೆ. ನಮ್ಮ ಕುಲಾಯಿಗೆ ಗದ್ದದ ಕೆಳಗೆ ಕಟ್ಟುವ ದಾರ ಇದ್ದೇ ಇರುತ್ತದೆ, ಅದನ್ನು ಗಿಡ್ಡವಿಟ್ಟು ಕೂಸು ಮಲಗಿದ ಕೂಡಲೇ ತೆಗೆದಿಡಿ. ಮೂರು ವರ್ಷದೊಳಗಿನವರ ಅಂಗಿಗೆ ಮಣಿ, ಚಿಕ್ಕ ಗುಂಡಿ ಬೇಡ, ಕಿತ್ತು ನುಂಗುತ್ತಾರೆ. ಅಂಗನವಾಡಿಗೆ ಹೋಗುವ ಮಗುವಿನ ಚಡ್ಡಿಗೆ ಹುಕ್ಕು, ಜಿಪ್ಪು ಹಾಕಿ ಎಂದರೂ ಹಾಕುವುದಿಲ್ಲ, ಒಂದಿಂಚು ಅಗಲದ ಇಲಾಸ್ಟಿಕ್. ಅವಸರ ಬಂದಾಗ ತಾನೇ ಇಳಿಸಿಕೊಳ್ಳಲಾಗದೆ ಎಲ್ಲರೆದುರು ಒದ್ದೆ ಮಾಡಿಕೊಂಡ ಮಗು ಆ ಚಡ್ಡಿಯನ್ನು ಮತ್ತೆ ಮುಟ್ಟುವುದಿಲ್ಲ. ಫ್ರಾಕಿಗೂ ಬೆನ್ನಿನ ಜಿಪ್ಪಿಗಿಂತ ಮುಂದೆ ದೊಡ್ಡ ಗುಂಡಿ ಇದ್ದರೆ ನಾಲ್ಕೈದು ವರ್ಷದವರು ತಾವೇ ಹಾಕಿಕೊಂಡು ಓಡುತ್ತಾರೆ. ತಲೆಯ ಮೇಲಿಂದ ಹಾಕುವ ಅಂಗಿಯಾದರೆ ಕುತ್ತಿಗೆಯ ಸುತ್ತಳತೆ ಮಾತ್ರ ನೋಡಬೇಡಿ, ಮೂರರಿಂದ ಐದು ವರ್ಷದವರ ತಲೆಯ ಸುತ್ತಳತೆಯೇ 20 ಇಂಚಿನ ಹತ್ತಿರ ಇರುತ್ತದೆ. ಅಷ್ಟು ತೆರೆಯದಿದ್ದರೆ ಕಿವಿ ಸಿಕ್ಕಿ ದಿನಾ ಬೆಳಿಗ್ಗೆ ರಂಪ.

ಕಚ್ಚಾ ಹೊಲಿಗೆ ಹಾಕಿದಮೇಲೆ ಒಂದು ಸಲ ಮಗುವನ್ನೇ ಕರೆದುಕೊಂಡು ಬನ್ನಿ, ಅಳತೆ ಅಂಗಿ ಕಳಿಸಿದರೆ ನಡೆಯುವುದಿಲ್ಲ. ಕನ್ನಡಿ ಮುಂದೆ ನಿಲ್ಲಿಸಿ ಚೆಂದ ಅದ ಏನು ಎಂದು ಕೇಳುವುದಲ್ಲ ಟ್ರಯಲ್. ಕುಕ್ಕರುಗಾಲಲ್ಲಿ ಕೂತು ಏಳಲಿ, ಎರಡೂ ಕೈ ಎತ್ತಲಿ, ಹೊರಗೆ ನಿಂತ ಸೈಕಲ್ ಹತ್ತಿ ಇಳಿಯಲಿ. ಆಮೇಲೆ ಅದರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಕುತ್ತಿಗೆಗೆ ಹೋದರೆ ಪಟ್ಟಿ ಬಿಚ್ಚಬೇಕು, ಸೊಂಟಕ್ಕೆ ಹೋದರೆ ಇಲಾಸ್ಟಿಕ್ ಬಿಗಿ, ಜೇಬಿಗೆ ಹೋದರೆ ಕಾಜಾ ಬಟನ್ ಮಾಡಿ ಮುಗಿಸಬಹುದು.

ಉಳಿದ ತುಂಡು ಅಂಗಡಿಯಲ್ಲೇ ಬಿಟ್ಟು ಹೋಗಬೇಡಿ, ಕೇಳಿ ತಗೊಳ್ಳಿ. ಇಷ್ಟದ ಬಟ್ಟೆಯೇ ಮೊದಲು ಹರಿಯುವುದು, ಮೊಣಕಾಲಿಗೆ ತ್ಯಾಪಿ ಬೇಕಾಗುತ್ತದೆ. ಆ ತುಂಡನ್ನೂ ಅಂಗಿಯ ಜೊತೆಗೇ ಒಗೆದು ಬಿಸಿಲಿಗೆ ಹಾಕುತ್ತಿರಿ, ಇಲ್ಲದಿದ್ದರೆ ಮುಂದೆ ಹಚ್ಚುವಾಗ ಬಣ್ಣ ಬೇರೆ ಬೇರೆ ಕಾಣುತ್ತದೆ.