ವಾಡೆ ಬಿದ್ದ ಮೇಲೆ ಬಾಡಿಗೆದಾರ ಎಲ್ಲಿಗೆ ಹೋಗಬೇಕು?

ಸೊಲ್ಲಾಪುರದ ನವೀ ಪೇಠ, ಮಂಗಳವಾರ ಪೇಠ, ಬಾಳಿವೇಸ ಕಡೆ ಹಳೆಯ ವಾಡೆಯೊಂದು, ಅಂದರೆ ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆ, ನೆಲಕ್ಕುರುಳಿದರೆ ಅಲ್ಲಿ ಮತ್ತೆ ಬಾಡಿಗೆ ಖೋಲಿಗಳು (ಕೋಣೆಗಳು) ಏಳುವುದು ಅಪರೂಪ. ಕೆಳಗೆ ಗಾಜಿನ ಅಂಗಡಿ, ಮೇಲೆ ಮಾರಾಟದ ಫ್ಲ್ಯಾಟು. ಸಿದ್ಧರಾಮೇಶ್ವರನ ಗುಡಿಗೆ ನಡೆದೇ ಹೋಗಿಬರುತ್ತಿದ್ದ ಎಷ್ಟೋ ಕನ್ನಡದ ಮನೆತನಗಳು ಊರಿನ ಅಂಚಿಗೆ ಸರಿದಿವೆ. ಬಿಲ್ಡರುಗಳ ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಈ ಖೋಲಿಗಳು ಅಗ್ಗವಾಗಿ ಉಳಿದದ್ದಕ್ಕೂ ಈಗ ಅಳಿಯುತ್ತಿರುವುದಕ್ಕೂ ಕಾರಣ ಒಂದೇ, ಬಾಡಿಗೆ ನಿಯಂತ್ರಣದ ಕಾಯ್ದೆ ಎಂಬುದು ನನ್ನ ನಂಬಿಕೆ.

1860ರಲ್ಲಿ ಇಲ್ಲಿಗೆ ರೈಲು ಬಂತು, 1877ರಲ್ಲಿ ಮೊದಲ ಬಟ್ಟೆ ಗಿರಣಿ. ಜನ ಅದನ್ನು ಈಗಲೂ ಜುನೀ ಮಿಲ್ (ಹಳೆ ಗಿರಣಿ) ಎಂದೇ ಕರೆಯುತ್ತಾರೆ. ಆಮೇಲೆ ಲಕ್ಷ್ಮಿ, ವಿಷ್ಣು, ನರಸಿಂಗ ಗಿರ್ಜಿ ಗಿರಣಿಗಳು ಬಂದವು. ಅಕ್ಕಲಕೋಟೆ, ಇಂಡಿ, ವಿಜಯಪುರದ ಕಡೆಯಿಂದ ಕನ್ನಡಿಗರು, ಪೂರ್ವದಿಂದ ತೆಲುಗು ನೇಕಾರರು ಬಂದು ಸೇರಿದರು. ಗಿರಣಿಯವರು ಕಟ್ಟಿಸಿದ ಚಾಳಗಳು ಸಾಲಲಿಲ್ಲ. ವಾಡೆಯ ಮಾಲಕರು ಅಂಗಳದ ಸುತ್ತಲಿನ ಪಡಸಾಲೆಗೆ ಅಡ್ಡಗೋಡೆ ಹಾಕಿಸಿ ಖೋಲಿ ಮಾಡಿ ಬಾಡಿಗೆಗೆ ಬಿಟ್ಟರು. ಒಂದು ಖೋಲಿ, ಮೂಲೆಯಲ್ಲಿ ಒಲೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಳ. ಗಂಡಸರು ಪಾಳಿಗೆ ಹೋದರೆ ಹೆಂಗಸರು ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಗಿರಣಿ, ಬೀಡಿ ಎಲೆ ಕೊಡುವ ಶಾಖೆ, ಸಂತೆ, ಶಾಲೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದದ್ದರಿಂದಲೇ ಸಣ್ಣ ಪಗಾರದಲ್ಲಿ ಸಂಸಾರ ತೂಗುತ್ತಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಬಾಡಿಗೆಗಳು ಏರಿದವು. ಸರಕಾರ ಮಧ್ಯೆ ಬಂತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಕೂಲಿಕಾರರಿಗೆ ಅದು ನಿಜವಾಗಿಯೂ ಆಸರೆಯಾಯಿತು. ಅದಿಲ್ಲದಿದ್ದರೆ ಪೇಠಗಳಲ್ಲಿ ಅವರು ಎರಡು ತಲೆಮಾರು ನಿಲ್ಲುತ್ತಿರಲಿಲ್ಲ. ಆದರೆ ತಾತ್ಕಾಲಿಕ ಎಂದು ತಂದದ್ದನ್ನು ಸರಕಾರ ಮತ್ತೆ ಮತ್ತೆ ಮುಂದುವರಿಸಿತು, ದುರಸ್ತಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಬಾಡಿಗೆಯಲ್ಲಿ ಸುಣ್ಣದ ಖರ್ಚೂ ಹುಟ್ಟದಾಗ ಮಾಲಕ ಮಾಳಿಗೆಯ ಮಣ್ಣು ಬದಲಿಸುವುದನ್ನು ಬಿಟ್ಟ. ತೊಲೆಗೆ ಗೆದ್ದಲು ಹತ್ತಿತು. ಕೆಲವೆಡೆ ಮಾಲಕ ಬಾಡಿಗೆ ಮುಟ್ಟುವುದನ್ನೇ ನಿಲ್ಲಿಸಿದ, ಬಾಡಿಗೆದಾರ ಬಾಕಿದಾರ ಎನಿಸಿಕೊಳ್ಳದಂತೆ ಪ್ರತಿ ತಿಂಗಳು ಮನಿಯಾರ್ಡರ್ ಕಳಿಸಿ ಅದರ ಚೀಟಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ.

ದ್ವೀಪ ಮುಂಬಯಿಯ ಹಳೆಯ ಕಟ್ಟಡಗಳ ಕತೆ ಬೇರೆ. ಅಲ್ಲಿ ಬಾಡಿಗೆದಾರರಿಂದಲೂ ಮಾಲಕರಿಂದಲೂ ಸೆಸ್ ಎಂಬ ತೆರಿಗೆ ಎತ್ತಿ ದುರಸ್ತಿ ಮಾಡಿಸುವ ಮಂಡಳಿಯೇ ಇದೆ. ಸೊಲ್ಲಾಪುರಕ್ಕೆ ಕಾಯ್ದೆಯ ಬಿಗಿ ಬಂತು, ಮಂಡಳಿ ಬರಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

1997ರಲ್ಲಿ ಸುಪ್ರೀಂ ಕೋರ್ಟು ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಸರಿಯಲ್ಲ ಎಂದಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಯಾಯಿತು. ವರ್ಷಕ್ಕೆ ಶೇ. 4 ಏರಿಕೆಗೆ ಅವಕಾಶ ಸಿಕ್ಕಿತು, ಅಲ್ಲಿಯವರೆಗೆ ಕದ್ದುಮುಚ್ಚಿ ನಡೆಯುತ್ತಿದ್ದ ಪಗಡಿ (ಖೋಲಿ ಕೊಡಲು ಬಾಡಿಗೆಯ ಮೇಲೆ ಪಡೆಯುವ ಇಡಿಗಂಟು) ಸಕ್ರಮವಾಯಿತು. ಆದರೆ 20 ರೂಪಾಯಿ ಬಾಡಿಗೆ ಈ ಲೆಕ್ಕದಲ್ಲಿ 25 ವರ್ಷ ಏರಿದರೂ 55 ದಾಟುವುದಿಲ್ಲ. ಅಷ್ಟರಲ್ಲಿ ಗಿರಣಿಗಳೂ ಒಂದೊಂದಾಗಿ ಮುಚ್ಚಿದ್ದವು. ಖೋಲಿಯಲ್ಲಿದ್ದವನಿಗೆ ಪಗಾರವಿಲ್ಲ, ಮಾಲಕನಿಗೆ ಬಾಡಿಗೆಯಿಲ್ಲ, ಕೆಳಗಿನ ನೆಲಕ್ಕೆ ಮಾತ್ರ ಬೆಲೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಊರಿನ ಹೆಸರು ಬಂತು. 2020ರ ಏಕರೂಪ ಕಟ್ಟಡ ನಿಯಮಗಳು ಪ್ರೀಮಿಯಂ ಎಂಬ ಹೆಚ್ಚುವರಿ ಶುಲ್ಕ ಕಟ್ಟಿದವರಿಗೆ ಇನ್ನೂ ಎತ್ತರಕ್ಕೆ ಕಟ್ಟಲು ದಾರಿ ಮಾಡಿಕೊಟ್ಟವು.

ಹೊಸದು ಕಟ್ಟುವುದಕ್ಕಾಗಿ ಬಿಡಿಸಿದರೆ ಹೊಸ ಕಟ್ಟಡದಲ್ಲಿ ಬಾಡಿಗೆದಾರನಿಗೆ ಜಾಗ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಮಾಲಕನಿಗೆ ಅದಕ್ಕಿಂತ ಸಲೀಸಾದ ಹಾದಿ ಇನ್ನೊಂದಿದೆ: ಮಹಾನಗರಪಾಲಿಕೆ ಕಾಯ್ದೆಯ 264ನೇ ಕಲಮಿನ ಕೆಳಗೆ ಬರುವ ‘ಧೋಕಾದಾಯಕ ಇಮಾರತಿ’ (ಅಪಾಯಕಾರಿ ಕಟ್ಟಡ) ನೋಟೀಸು. ಗೋಡೆ ಬಿರಿದಿರುವುದು ಸುಳ್ಳಲ್ಲ, ಮಳೆಗಾಲದಲ್ಲಿ ಜೀವಕ್ಕೆ ಅಪಾಯವೂ ಹೌದು. ಆದರೆ ದಶಕಗಟ್ಟಲೆ ದುರಸ್ತಿ ತಪ್ಪಿದ್ದರಿಂದ ಹುಟ್ಟಿದ ಅಪಾಯದ ಬೆಲೆಯನ್ನು ಬಾಡಿಗೆದಾರನೊಬ್ಬನೇ ತೆರುತ್ತಾನೆ. ಕಟ್ಟಡ ಹೋದ ಕೂಡಲೇ ತನ್ನ ಹಕ್ಕೂ ಹೋಯಿತೆಂದುಕೊಂಡು ಕೊಟ್ಟಷ್ಟು ಇಸಿದುಕೊಂಡು ಹೊರಡುವವರು ಬಹಳ. ಅದು ಹಾಗಲ್ಲ. ಬಾಡಿಗೆಯ ಹಕ್ಕು ಕೆಳಗಿನ ನೆಲಕ್ಕೂ ಸಲ್ಲುತ್ತದೆ, ಕಟ್ಟಡ ಕೆಡವಿದರೆ ಅದು ಅಳಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿದೆ. ಈ ಮಾತು ಪೇಠದ ಪ್ರತಿ ಖೋಲಿಗೂ ಮುಟ್ಟಬೇಕಿತ್ತು.

ಸರಕಾರ ಮನೆಗಳನ್ನೇ ಕಟ್ಟಿಲ್ಲ ಎಂದಲ್ಲ. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ನೇತೃತ್ವದ ಹೋರಾಟದಿಂದ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಂಗಸರಿಗೆ 10,000 ಮನೆಗಳಾದವು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಹಸ್ತಾಂತರಿಸಿದರು. ಅಲ್ಲೇ 30,000 ಮನೆಗಳ ರೇ ನಗರದ ಮೊದಲ 15,000 ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಕೊಟ್ಟರು. ಬೀಡಿ ಸುತ್ತುವ ಕೈಗೆ ಸ್ವಂತ ಮನೆಯ ಕೀಲಿ ಬಂದದ್ದು ಸಣ್ಣ ಸಾಧನೆಯಲ್ಲ. ಆದರೂ ಕುಂಭಾರಿ ಇರುವುದು ಊರ ಹೊರಗೆ. ಪೇಠದಲ್ಲಿ ಕೆಲಸ ಇದ್ದವರಿಗೆ ದಿನವೂ ರಿಕ್ಷಾ ಖರ್ಚು.

ಪೇಠಗಳಲ್ಲೇ ಉಳಿಯಬೇಕೆನ್ನುವ ಹೊಸಬರಿಗೆ ಇರುವುದು 11 ತಿಂಗಳ ಲೀವ್ ಅಂಡ್ ಲೈಸನ್ಸ್ ಕರಾರು, ಅಂದರೆ ಬಾಡಿಗೆ ಹಕ್ಕಿಲ್ಲದೆ ಬರೀ ಇರಲು ಕೊಡುವ ಅನುಮತಿ. ಅದಕ್ಕೆ ಹಳೆಯ ಕಾಯ್ದೆಯ ರಕ್ಷಣೆ ಇಲ್ಲ. ಹಳಬರ ಕೈಯಲ್ಲಿ ಇನ್ನೂ ಹಕ್ಕಿದೆ. ನೋಟೀಸು ಬಂದ ದಿನವೇ ಖೋಲಿಯ ಉದ್ದಗಲ ಅಳೆಸಿ, ಅದನ್ನು ಬರಹದಲ್ಲಿ ಪಡೆದು, ಬಾಡಿಗೆಯ ರಸೀದಿಗಳನ್ನೂ ಮನಿಯಾರ್ಡರ್ ಚೀಟಿಗಳನ್ನೂ ಜೊತೆಗಿಟ್ಟುಕೊಂಡು ವಕೀಲರ ಬಳಿ ಹೋಗಿ. ಕೀಲಿ ಕೊಡುವುದು ಆಮೇಲೆ.