ಸಮುದ್ರವಿಲ್ಲದ ಮೈಸೂರಿನ ಹೆಸರು ಯುದ್ಧನೌಕೆಗೆ ಬಂದದ್ದು ಹೇಗೆ?

ಓದುಗರ ಪ್ರಶ್ನೆ: ಮೈಸೂರಿಗೆ ಸಮುದ್ರವೂ ಇಲ್ಲ, ಬಂದರೂ ಇಲ್ಲ. ಹಾಗಿದ್ದರೂ ನೌಕಾಪಡೆಯ ಹಡಗಿಗೆ ‘ಐಎನ್‌ಎಸ್ ಮೈಸೂರು’ ಎಂದು ಹೆಸರಿಟ್ಟದ್ದೇಕೆ? ಹಡಗು ಕೊಳ್ಳಲು ಮಹಾರಾಜರು ಹಣ ಕೊಟ್ಟಿದ್ದರೆಂಬುದು ನಿಜವೇ?

ಉತ್ತರ: ಡಿಸೆಂಬರ್ 4ರ ನೌಕಾದಿನ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಮೊದಲ ಭಾಗಕ್ಕೆ ಹೆಚ್ಚು ಮಾತು ಬೇಡ. ನಮ್ಮ ನೌಕಾಪಡೆಯಲ್ಲಿ ಒಂದೊಂದು ಬಗೆಯ ಹಡಗಿಗೆ ಒಂದೊಂದು ಬಗೆಯ ಹೆಸರಿಡುವ ರೂಢಿಯಿದೆ. ಫ್ರಿಗೇಟು ಎಂಬ ಮಧ್ಯಮ ಗಾತ್ರದ ಯುದ್ಧನೌಕೆಗಳಿಗೆ ನದಿ, ಪರ್ವತ, ಆಯುಧಗಳ ಹೆಸರಿಟ್ಟರೆ, ಅವಕ್ಕಿಂತ ದೊಡ್ಡವಾದ ವಿಧ್ವಂಸಕ ನೌಕೆಗಳಿಗೆ (ಡಿಸ್ಟ್ರಾಯರ್) ಸಾಮಾನ್ಯವಾಗಿ ರಾಜಧಾನಿಗಳ ಮತ್ತು ದೊಡ್ಡ ನಗರಗಳ ಹೆಸರಿಡುತ್ತಾರೆ. ಆ ನಗರಕ್ಕೆ ಕಡಲು ಇರಲೇಬೇಕೆಂಬ ಷರತ್ತು ಎಲ್ಲಿಯೂ ಇಲ್ಲ. ದೆಹಲಿಗೆ ಯಾವ ಕಡಲಿದೆ? 2023ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿದ ವಿಧ್ವಂಸಕ ನೌಕೆಯ ಹೆಸರು ಇಂಫಾಲ್. ಮಣಿಪುರದ ಆ ರಾಜಧಾನಿಯ ಸುತ್ತ ಇರುವುದು ಬೆಟ್ಟಗಳೇ.

ಪ್ರಶ್ನೆಯ ಎರಡನೆಯ ಭಾಗವಾದ ಮಹಾರಾಜರ ಹಣದ ಕಥೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ತಲೆಯೆತ್ತುತ್ತದೆ. ಇದನ್ನು ನಂಬುವವರನ್ನು ಪೂರ್ತಿಯಾಗಿ ದೂರುವಂತೆಯೂ ಇಲ್ಲ. ಮೈಸೂರು ಸಂಸ್ಥಾನ ಇಂಥ ಕೆಲಸಗಳಿಗೆ ಹಣ ಬಿಚ್ಚಿದ್ದು ಸುಳ್ಳಲ್ಲ. ಮೊದಲ ಮಹಾಯುದ್ಧದ ವೆಚ್ಚಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ 50 ಲಕ್ಷ ರೂಪಾಯಿ ಕೊಟ್ಟಿದ್ದರು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆಗೆ ಮೈಸೂರು ಸರ್ಕಾರ ಬಂಡವಾಳ ಹಾಕಿತ್ತು. ಹಣ ಕೊಟ್ಟ ನಾಡಿನ ಹೆಸರನ್ನು ಹಡಗಿಗೆ ಇಟ್ಟ ಉದಾಹರಣೆಯೂ ಉಂಟು: ಬ್ರಿಟಿಷ್ ನೌಕಾಪಡೆಯ ಮಲಯಾ ಎಂಬ ದೊಡ್ಡ ಯುದ್ಧನೌಕೆಯ ವೆಚ್ಚವನ್ನು ಮಲಯ ಸಂಸ್ಥಾನಗಳ ಒಕ್ಕೂಟ ಭರಿಸಿತ್ತು. ಈ ಮೂರು ನಿಜಗಳನ್ನು ಗಂಟುಹಾಕಿ ನಾಲ್ಕನೆಯದನ್ನು ಊಹಿಸಿಕೊಂಡದ್ದರಲ್ಲಿ ತಪ್ಪಾಗಿದೆ. ತಾರೀಖುಗಳನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ಮೈಸೂರು ಎಂಬ ಹೆಸರು ಹೊತ್ತ ಹಿಂದಿನ ಹಡಗು ಒಂದು ಕ್ರೂಸರ್, ಅಂದರೆ ಫಿರಂಗಿಗಳನ್ನು ಹೊತ್ತ ದೊಡ್ಡ ಯುದ್ಧನೌಕೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೇರೆ ಹೆಸರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಪರವಾಗಿ ಹೋರಾಡಿದ್ದ ಆ ‘ನೈಜೀರಿಯಾ’ ಎಂಬ ಹಡಗನ್ನು ಭಾರತ ಸರ್ಕಾರ 1954ರಲ್ಲಿ ಕೊಂಡುಕೊಂಡು, ಬರ್ಕನ್‌ಹೆಡ್‌ನಲ್ಲಿ ಅದಕ್ಕೆ ಹೊಸ ರೂಪ ಕೊಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂದು ಸೇವೆಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಮೈಸೂರು ಸಂಸ್ಥಾನವೇ ಉಳಿದಿರಲಿಲ್ಲ. ರಕ್ಷಣೆ ಕೇಂದ್ರದ ಹೊಣೆಯಾಗಿತ್ತು, ಸಂಸ್ಥಾನದ ಸೇನೆ ಭಾರತೀಯ ಸೇನೆಯಲ್ಲಿ ವಿಲೀನವಾಗಿತ್ತು, ಅರಮನೆಗೆ ಬರುತ್ತಿದ್ದದ್ದು ಗೊತ್ತುಪಡಿಸಿದ ರಾಜಧನ. ಹಡಗಿನ ಖರೀದಿಯಾದ ವರ್ಷ ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿದ್ದರು, ಅಂದರೆ ರಾಜ್ಯಪಾಲರಂತೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು. ಅದು ಸೇವೆಗೆ ಸೇರಿದಾಗ ರಾಜ್ಯಪಾಲರಾಗಿದ್ದರು. ಕ್ರೂಸರ್ ಕೊಳ್ಳುವ ವ್ಯವಹಾರ ನಡೆದದ್ದು ಎರಡು ಸರ್ಕಾರಗಳ ನಡುವೆ. ರಾಜಪ್ರಮುಖರ ಕಿಸೆಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟಕ್ಕೂ ಒಪ್ಪದವರು ಅದೇ ಹಡಗಿನ ಮೊದಲ ಹೆಸರನ್ನೇ ನೋಡಬಹುದು. ಆ ವರ್ಗದ ಹಡಗುಗಳಿಗೆ ಫಿಜಿ, ಕೀನ್ಯಾ, ಮಾರಿಷಸ್, ಟ್ರಿನಿಡಾಡ್, ಜಮೈಕಾ ಹೀಗೆ ಬ್ರಿಟಿಷ್ ವಸಾಹತುಗಳ ಹೆಸರುಗಳನ್ನು ಸರದಿಯಂತೆ ಇಡಲಾಗಿತ್ತು, ಮತ್ತು ನೈಜೀರಿಯಾ ಕೂಡ ಆ ಪಟ್ಟಿಯಿಂದಲೇ ಬಂದದ್ದು. ದೊಡ್ಡ ಹಡಗಿಗೆ ಊರು, ನಾಡುಗಳ ಹೆಸರನ್ನು ಪಟ್ಟಿಯಿಂದ ಆರಿಸುವುದು ಸಾಮಾನ್ಯ, ದಾನಿಯ ಹೆಸರಿಡುವುದು ಅಪರೂಪ.

ಇನ್ನು ಈಗಿನ ಹಡಗಿನ ವಿಷಯಕ್ಕೆ ಬಂದರೆ ದಾನದ ಕಥೆಗೆ ಜಾಗವೇ ಇಲ್ಲ. ಸುಮಾರು 163 ಮೀಟರ್ ಉದ್ದದ, 6,000 ಟನ್‌ಗೂ ಮಿಕ್ಕಿದ ತೂಕದ ಈ ಕ್ಷಿಪಣಿ ವಿಧ್ವಂಸಕವನ್ನು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿ, 1993ರಲ್ಲಿ ನೀರಿಗಿಳಿಸಿ, 1999ರ ಜೂನ್ 2ರಂದು ಸೇವೆಗೆ ಸೇರಿಸಲಾಯಿತು. ಹಳೆಯ ಕ್ರೂಸರ್ 1985ರಲ್ಲೇ ನಿವೃತ್ತವಾಗಿತ್ತು. ಅದು 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳದ ಮುಖ್ಯಸ್ಥರ ಹಡಗು ಆಗಿತ್ತು. ಅಂಥದರ ಹೆಸರನ್ನು ನೌಕಾಪಡೆ ಸುಮ್ಮನೆ ಬಿಡುವುದಿಲ್ಲ. ಹದಿನಾಲ್ಕು ವರ್ಷದ ಬಿಡುವಿನ ನಂತರ ಅದನ್ನು ಹೊಸ ಹಡಗಿಗೆ ಕೊಟ್ಟರು. ಆದ್ದರಿಂದ ಸರಿಯಾಗಿ ಹೇಳಬೇಕೆಂದರೆ ಈಗಿನ ಐಎನ್‌ಎಸ್ ಮೈಸೂರಿಗೆ ಹೆಸರು ಬಂದದ್ದು ಹಿಂದಿನ ಐಎನ್‌ಎಸ್ ಮೈಸೂರಿನಿಂದ. ನಗರದ ಪಾಲು ಅದಕ್ಕೂ ಹಿಂದಿನದು. ಅಲ್ಲಿಯೂ ಒಂದು ಸೂಕ್ಷ್ಮವಿದೆ: 1957ರಲ್ಲಿ ಮೈಸೂರು ಎಂದರೆ ನಗರವಷ್ಟೇ ಅಲ್ಲದೆ, ಹಿಂದಿನ ವರ್ಷದ ನವೆಂಬರ್‌ನಲ್ಲಷ್ಟೇ ಬೀದರಿನಿಂದ ಕೊಡಗಿನವರೆಗೆ ಒಂದಾಗಿದ್ದ ಇಡೀ ರಾಜ್ಯವೂ ಆಗಿತ್ತು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಹೆಸರು ನಗರದ ಪಾಲಿಗೆ ಉಳಿಯಿತು. ಹಡಗಿನ ಲಾಂಛನದಲ್ಲಿರುವುದು ಎರಡು ತಲೆಯ ಗಂಡಭೇರುಂಡ. ಒಡೆಯರ ಲಾಂಛನದಲ್ಲೂ ಇಂದಿನ ರಾಜ್ಯ ಸರ್ಕಾರದ ಮುದ್ರೆಯಲ್ಲೂ ಇರುವುದು ಅದೇ ಪಕ್ಷಿ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’, ಅಂದರೆ ಎಂದಿಗೂ ಹೆದರದವನು. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ವಾಣಿಜ್ಯ ಹಡಗೊಂದು ಸಹಾಯಕ್ಕೆ ಮೊರೆಯಿಟ್ಟಾಗ ಧಾವಿಸಿ 23 ಕಡಲ್ಗಳ್ಳರನ್ನು ಸೆರೆಹಿಡಿದದ್ದು ಇದೇ ಹಡಗು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೆಸರಿಗಿಂತ ಕುತೂಹಲದ ಸಂಗತಿ ಸಂಖ್ಯೆಯಲ್ಲಿದೆ. ಈ ವರ್ಗದಲ್ಲಿ ಮೊದಲು ಸೇವೆಗೆ ಬಂದದ್ದು 1997ರಲ್ಲಿ ದೆಹಲಿ, ಎರಡನೆಯದು ಮೈಸೂರು, ಮೂರನೆಯದು 2001ರಲ್ಲಿ ಮುಂಬೈ. ಸರದಿಯನ್ನೇ ನೋಡಿದರೆ ಹಡಗಿನ ಗುರುತಿನ ಸಂಖ್ಯೆಯಲ್ಲೂ ದೆಹಲಿ ಮೊದಲು ಬರಬೇಕಿತ್ತು. ಆದರೆ ದೆಹಲಿ ಡಿ61, ಮುಂಬೈ ಡಿ62. ತಡವಾಗಿ ಬಂದ ಮೈಸೂರಿನದು ಡಿ60. ಹಳೆಯ ಕ್ರೂಸರ್‌ನ ಸಂಖ್ಯೆ ಸಿ60 ಆಗಿತ್ತು, ಅದಕ್ಕೂ ಮೊದಲು ನೈಜೀರಿಯಾ ಆಗಿದ್ದಾಗಲೂ ಅದರ ಸಂಖ್ಯೆ 60 ಆಗಿತ್ತೆಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿ.